ಲೂಪ್ ನಡೆಯುವಾಗ ಸಂಗ್ರಹದ ಮಾರ್ಪಾಡು

ಲಿಸ್ಟ್, ಸೆಟ್, ಡಿಕ್ಷನರಿ ಮುಂತಾದ ಸಂಗ್ರಹಗಳ ಅಂಶಗಳನ್ನು ಲೂಪಿನಲ್ಲಿ ಒಂದೊಂದಾಗಿ ನೋಡುತ್ತಿರುವಾಗಲೇ ಅದೇ ಸಂಗ್ರಹಕ್ಕೆ ಹೊಸ ಅಂಶ ಸೇರಿಸುವುದು, ಇದ್ದುದನ್ನು ತೆಗೆಯುವುದು ಅಥವಾ ಕ್ರಮ ಬದಲಿಸುವುದರಿಂದ ಹುಟ್ಟುವ ಸಮಸ್ಯೆ ಮತ್ತು ಅದರ ಪರಿಹಾರಗಳು. ಬಳಕೆಯಲ್ಲಿರುವ ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇದು ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತದೆ. ಪರಿಣಾಮ ಮಾತ್ರ ಎಲ್ಲೆಡೆ ಒಂದೇ ಅಲ್ಲ. ಪೈಥಾನಿನ ಲಿಸ್ಟಿನಲ್ಲಿ ಕೆಲವು ಅಂಶಗಳು ಸದ್ದಿಲ್ಲದೆ ತಪ್ಪಿಹೋಗುತ್ತವೆ. ಜಾವಾ ಸಾಮಾನ್ಯವಾಗಿ ಎಕ್ಸೆಪ್ಷನ್ ಎಸೆದು ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಸಿ++ನಲ್ಲಿ ಮುಂದೇನಾಗಬೇಕೆಂಬುದನ್ನು ಹಲವು ಸಂದರ್ಭಗಳಲ್ಲಿ ಭಾಷೆಯ ಮಾನಕವೇ ಗೊತ್ತುಮಾಡಿಲ್ಲ. ರಸ್ಟ್‌ನಲ್ಲಿ ಅಂಥ ಪ್ರೋಗ್ರಾಮ್ ಸಾಮಾನ್ಯವಾಗಿ ಕಂಪೈಲ್ ಆಗುವುದೇ ಇಲ್ಲ.

ಸಮಸ್ಯೆಯ ಮೂಲ

ಯಾವುದೇ ಲೂಪ್ ತಾನು ಎಲ್ಲಿಯವರೆಗೆ ಬಂದಿದ್ದೇನೆ ಎಂಬ ಗುರುತನ್ನು ಎಲ್ಲಾದರೂ ಇಟ್ಟುಕೊಂಡಿರಬೇಕು. ಅರೇಯಲ್ಲಿ ಈ ಗುರುತು ಒಂದು ಇಂಡೆಕ್ಸ್ ಸಂಖ್ಯೆ. ಲಿಂಕ್ಡ್ ಲಿಸ್ಟಿನಲ್ಲಿ ಒಂದು ನೋಡ್‌ನತ್ತ ತೋರುವ ಪಾಯಿಂಟರ್. ಹ್ಯಾಶ್ ಟೇಬಲಿನಲ್ಲಿ ಎಷ್ಟನೇ ಖಾನೆ ಎಂಬ ಲೆಕ್ಕ. ಈ ಗುರುತನ್ನು ಹೊತ್ತು, ಕೇಳಿದಾಗಲೆಲ್ಲ ಮುಂದಿನ ಅಂಶವನ್ನು ಕೊಡುವ ವಸ್ತುವೇ ಇಟರೇಟರ್. ಸಂಗ್ರಹ ಹೇಗಿತ್ತೋ ಹಾಗೆಯೇ ಇದೆ ಎಂದು ನಂಬಿ ಇಟರೇಟರ್ ಮುಂದಿನ ಹೆಜ್ಜೆ ಇಡುತ್ತದೆ. ನಡುವೆ ಯಾರಾದರೂ ಸಂಗ್ರಹವನ್ನು ಬದಲಿಸಿದರೆ ಗುರುತಿಗೂ ವಸ್ತುಸ್ಥಿತಿಗೂ ತಾಳೆ ತಪ್ಪುತ್ತದೆ. ಮುಂದೆ ವಿವರಿಸುವ ಎಲ್ಲ ದೋಷಗಳ ಬೇರು ಇದೇ. ಎಲ್ಲ ಪರಿಹಾರಗಳೂ ಈ ತಾಳೆಯನ್ನು ಒಂದಲ್ಲ ಒಂದು ಬಗೆಯಲ್ಲಿ ಕಾಪಾಡುವ ಉಪಾಯಗಳೇ.

ಇಲ್ಲಿ ಎರಡು ಬಗೆಯ ಮಾರ್ಪಾಡುಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು ಸ್ಥಾನದಲ್ಲಿರುವ ಬೆಲೆಯನ್ನಷ್ಟೇ ಬದಲಿಸಿದರೆ ಅಂಶಗಳ ಸಂಖ್ಯೆಯಾಗಲಿ ಅವುಗಳ ಜಾಗವಾಗಲಿ ಬದಲಾಗುವುದಿಲ್ಲ. ಡಿಕ್ಷನರಿಯಲ್ಲಿ ಈಗಾಗಲೇ ಇರುವ ಕೀಗೆ ಹೊಸ ಬೆಲೆ ಕೊಡುವುದೂ ಬಹುಪಾಲು ಭಾಷೆಗಳಲ್ಲಿ ನಿರಪಾಯಕಾರಿ. ತೊಂದರೆ ತರುವುದು ರಚನಾತ್ಮಕ ಮಾರ್ಪಾಡು, ಅಂದರೆ ಅಂಶಗಳನ್ನು ಸೇರಿಸುವುದು, ತೆಗೆಯುವುದು ಅಥವಾ ಒಳಗಿನ ಜೋಡಣೆಯನ್ನೇ ಕದಲಿಸುವುದು. ಇವೆರಡರ ನಡುವಿನ ಗೆರೆ ಯಾವಾಗಲೂ ಮೇಲುನೋಟಕ್ಕೆ ಕಾಣುವಂಥದ್ದಲ್ಲ. ಜಾವಾದ ಲಿಂಕ್ಡ್‌ಹ್ಯಾಶ್‌ಮ್ಯಾಪನ್ನು ಬಳಕೆಯ ಕ್ರಮದಲ್ಲಿ ಅಂಶಗಳನ್ನು ಜೋಡಿಸುವಂತೆ ರಚಿಸಿಕೊಂಡಿದ್ದರೆ, ಒಂದು ಕೀಯ ಬೆಲೆಯನ್ನು ಓದಿದರೂ ಸಾಕು, ಆ ಅಂಶ ಸಾಲಿನ ಕೊನೆಗೆ ಹೋಗುತ್ತದೆ. ಅಲ್ಲಿ ಓದುವುದೂ ರಚನಾತ್ಮಕ ಮಾರ್ಪಾಡೇ.

ಅಂಕಪಟ್ಟಿಯ ಉದಾಹರಣೆ

72, 28, 31, 64, 19 ಎಂಬ ಐದು ಅಂಕಗಳ ಲಿಸ್ಟಿನಿಂದ 35ಕ್ಕಿಂತ ಕಡಿಮೆ ಇರುವವನ್ನು ತೆಗೆಯಬೇಕು ಎಂದಿಟ್ಟುಕೊಳ್ಳೋಣ. ಪೈಥಾನಿನಲ್ಲಿ ಈ ಲಿಸ್ಟಿನ ಮೇಲೆ ನೇರವಾಗಿ ಲೂಪ್ ಓಡಿಸಿ, ಕಡಿಮೆ ಅಂಕ ಕಂಡಾಗಲೆಲ್ಲ ಅದನ್ನು ಅಲ್ಲೇ ಅಳಿಸಿದರೆ ಆಗುವುದು ಹೀಗೆ. ಇಂಡೆಕ್ಸ್ 0ರಲ್ಲಿ 72 ಸಿಗುತ್ತದೆ, ಅದು ಉಳಿಯುತ್ತದೆ. ಇಂಡೆಕ್ಸ್ 1ರಲ್ಲಿ 28 ಸಿಕ್ಕಿ ಅಳಿಯುತ್ತದೆ. ತಕ್ಷಣ ಅದರ ಬಲಗಡೆಯವೆಲ್ಲ ಒಂದೊಂದು ಸ್ಥಾನ ಎಡಕ್ಕೆ ಜರುಗಿ, ಲಿಸ್ಟ್ 72, 31, 64, 19 ಆಗುತ್ತದೆ. 31 ಈಗ ಇಂಡೆಕ್ಸ್ 1ರಲ್ಲಿದೆ. ಲೂಪ್ ಮಾತ್ರ ಇಂಡೆಕ್ಸ್ 2ಕ್ಕೆ ಹೋಗಿ 64ನ್ನು ನೋಡುತ್ತದೆ. 31 ಕಣ್ಣಿಗೆ ಬೀಳುವುದೇ ಇಲ್ಲ. ಇಂಡೆಕ್ಸ್ 3ರಲ್ಲಿ 19 ಸಿಕ್ಕಿ ಅಳಿಯುತ್ತದೆ. ಆಮೇಲೆ ಇಂಡೆಕ್ಸ್ 4ಕ್ಕೆ ಬರುವ ಹೊತ್ತಿಗೆ ಲಿಸ್ಟಿನಲ್ಲಿ ಮೂರೇ ಅಂಶಗಳಿರುವುದರಿಂದ ಲೂಪ್ ಮುಗಿಯುತ್ತದೆ. ಉಳಿದದ್ದು 72, 31, 64. ದೋಷಸೂಚನೆಯಾಗಲಿ ಎಚ್ಚರಿಕೆಯಾಗಲಿ ಬರುವುದಿಲ್ಲ.

ಇದೇ ಪ್ರೋಗ್ರಾಮಿಗೆ 72, 28, 64, 31, 80 ಎಂಬ ಲಿಸ್ಟ್ ಕೊಟ್ಟರೆ ಉತ್ತರ ಸರಿಯಾಗಿಯೇ ಬರುತ್ತದೆ. 28 ಅಳಿದಾಗ 64 ತಪ್ಪಿಹೋಗುತ್ತದೆ, 31 ಅಳಿದಾಗ 80 ತಪ್ಪಿಹೋಗುತ್ತದೆ. ಆದರೆ ಅವೆರಡೂ ಹೇಗೂ ಉಳಿಯಬೇಕಾದ ಅಂಕಗಳೇ. ಎರಡನ್ನೂ ಪರೀಕ್ಷಿಸದೆ ಬಿಟ್ಟಿದ್ದು ಫಲಿತಾಂಶದಲ್ಲಿ ಕಾಣುವುದಿಲ್ಲ. ಅಳಿಸಬೇಕಾದ ಎರಡು ಅಂಶಗಳು ಅಕ್ಕಪಕ್ಕ ಬಂದಾಗ ಮಾತ್ರ ದೋಷ ಹೊರಬೀಳುತ್ತದೆ. ಚಿಕ್ಕ ಮಾದರಿ ದತ್ತಾಂಶದ ಮೇಲೆ ಪರೀಕ್ಷಿಸಿದಾಗ ಸರಿಯಿದ್ದ ಪ್ರೋಗ್ರಾಮ್ ನಿಜವಾದ ದತ್ತಾಂಶ ಬಂದ ಮೇಲೆ ಕೈಕೊಡುವುದಕ್ಕೆ ಇದೇ ಕಾರಣ.

ಸೇರಿಸುವಾಗಿನ ತೊಂದರೆ ಬೇರೆ ಬಗೆಯದು. ಲೂಪಿನ ಪ್ರತಿ ಸುತ್ತಿನಲ್ಲೂ ಲಿಸ್ಟಿನ ಕೊನೆಗೆ ಒಂದು ಅಂಶ ಸೇರಿಸುತ್ತ ಹೋದರೆ ಕೊನೆ ಎಂಬುದೇ ಮುಂದಕ್ಕೆ ಸರಿಯುತ್ತ ಹೋಗುತ್ತದೆ, ಪೈಥಾನಿನಲ್ಲಿ ಮೆಮೊರಿ ತೀರುವವರೆಗೂ ಲೂಪ್ ನಿಲ್ಲುವುದಿಲ್ಲ. ಈಗಿನ ಅಂಶಕ್ಕಿಂತ ಮುಂಚಿನ ಸ್ಥಾನದಲ್ಲಿ ಏನನ್ನಾದರೂ ಸೇರಿಸಿದರೆ ಈಗಿನ ಅಂಶವೇ ಒಂದು ಸ್ಥಾನ ಬಲಕ್ಕೆ ಸರಿದು ಮುಂದಿನ ಸುತ್ತಿನಲ್ಲಿ ಮತ್ತೆ ಎದುರಾಗುತ್ತದೆ.

ಸಂಗ್ರಹದ ಒಳರಚನೆ

ದೋಷದ ಸ್ವರೂಪ ಸಂಗ್ರಹದ ಒಳರಚನೆಯನ್ನು ಅವಲಂಬಿಸಿದೆ. ಬೆಳೆಯಬಲ್ಲ ಅರೇಗಳು ಮೆಮೊರಿಯಲ್ಲಿ ಒಂದೇ ಸಾಲಾಗಿ ಕೂತಿರುತ್ತವೆ. ಇದ್ದ ಜಾಗ ಭರ್ತಿಯಾದಾಗ ಬೇರೆಡೆ ದೊಡ್ಡ ಜಾಗ ಪಡೆದು, ಎಲ್ಲ ಅಂಶಗಳನ್ನೂ ಅಲ್ಲಿಗೆ ಸಾಗಿಸಿ, ಹಳೆಯದನ್ನು ಬಿಟ್ಟುಕೊಡಲಾಗುತ್ತದೆ. ಸಿ++ನ ವೆಕ್ಟರ್‌ಗೆ ಲೂಪಿನ ನಡುವೆ ಒಂದು ಅಂಶ ಸೇರಿಸಿದಾಗ ಹೀಗಾದರೆ ಇಟರೇಟರ್ ಬಿಟ್ಟುಕೊಟ್ಟ ಮೆಮೊರಿಯತ್ತಲೇ ತೋರುತ್ತ ಉಳಿಯುತ್ತದೆ. ಅಲ್ಲಿಂದ ಓದುವುದು ಬರೀ ತಪ್ಪು ಉತ್ತರಕ್ಕೆ ನಿಲ್ಲುವುದಿಲ್ಲ. ಬಿಡುಗಡೆಯಾದ ಮೆಮೊರಿಯ ಬಳಕೆ ದಾಳಿಕೋರರು ಹುಡುಕುವ ಭದ್ರತಾ ಲೋಪಗಳಲ್ಲಿ ಒಂದು.

ಲಿಂಕ್ಡ್ ಲಿಸ್ಟಿನಲ್ಲಿ ಒಂದು ನೋಡ್ ತೆಗೆದರೆ ಉಳಿದವು ಇದ್ದಲ್ಲೇ ಇರುತ್ತವೆ. ಆದರೆ ಮುಂದಿನ ನೋಡ್ ಯಾವುದೆಂಬ ಮಾಹಿತಿ ಇದ್ದದ್ದು ತೆಗೆದ ನೋಡಿನಲ್ಲೇ. ಲಿನಕ್ಸ್ ಕರ್ನಲ್ ಇದಕ್ಕಾಗಿ ಪ್ರತ್ಯೇಕ ಮ್ಯಾಕ್ರೋಗಳನ್ನು ಇಟ್ಟುಕೊಂಡಿದೆ. ಹೆಸರಿನ ಕೊನೆಯಲ್ಲಿ 'ಸೇಫ್' ಎಂದಿರುವ ಈ ಮ್ಯಾಕ್ರೋಗಳು ಲೂಪಿನ ಒಡಲಿಗೆ ಹೋಗುವ ಮೊದಲೇ ಮುಂದಿನ ನೋಡಿನ ವಿಳಾಸವನ್ನು ತೆಗೆದಿಟ್ಟುಕೊಳ್ಳುತ್ತವೆ. ಹಾಗಾಗಿ ಈಗಿನ ನೋಡನ್ನು ಅಳಿಸಬಹುದು. ತೆಗೆದಿಟ್ಟ ಮುಂದಿನ ನೋಡನ್ನೇ ಬೇರೆ ಯಾವುದೋ ಫಂಕ್ಷನ್ ಅಳಿಸಿದರೆ ಈ ರಕ್ಷಣೆ ಸಾಲದು. ಕರ್ನಲ್‌ನಲ್ಲಿ ನೋಡನ್ನು ಪಟ್ಟಿಯಿಂದ ಬಿಡಿಸುವಾಗ ಅದರ ಹಿಂದುಮುಂದಿನ ಪಾಯಿಂಟರ್‌ಗಳಲ್ಲಿ ಬೇಕೆಂದೇ ಬಳಕೆಗೆ ಬಾರದ ವಿಳಾಸ ತುಂಬುವ ಪದ್ಧತಿಯೂ ಇದೆ. ತೆಗೆದ ನೋಡನ್ನು ಯಾರಾದರೂ ಹಿಂಬಾಲಿಸಿದರೆ ಅಲ್ಲೇ ಮುಗ್ಗರಿಸಿ ತಪ್ಪು ಬೇಗ ಬಯಲಾಗಲಿ ಎಂಬುದು ಉದ್ದೇಶ.

ಹ್ಯಾಶ್ ಟೇಬಲಿನಲ್ಲಿ ಅಂಶಗಳು ಒಂದು ಮಿತಿ ದಾಟಿದಾಗ ಇಡೀ ಟೇಬಲನ್ನು ಹಿಗ್ಗಿಸಿ ಎಲ್ಲವನ್ನೂ ಹೊಸ ಖಾನೆಗಳಿಗೆ ಹಂಚಲಾಗುತ್ತದೆ. ಜಾವಾದ ಹ್ಯಾಶ್‌ಮ್ಯಾಪ್ ಬೇರೇನೂ ಹೇಳದಿದ್ದರೆ 16 ಖಾನೆಗಳಿಂದ ಆರಂಭವಾಗುತ್ತದೆ, ಅದರ ತುಂಬುಮಿತಿ 0.75. ಅಂದರೆ 12 ಅಂಶಗಳನ್ನು ಮೀರಿದೊಡನೆ ಅದು 32 ಖಾನೆಗಳಿಗೆ ಬೆಳೆಯುತ್ತದೆ. ಲೂಪಿನ ನಡುವೆ ಈ ಮರುಹಂಚಿಕೆ ನಡೆದರೆ ಐದನೇ ಖಾನೆಯವರೆಗೆ ನೋಡಿದ್ದೇನೆ ಎಂಬ ಗುರುತಿಗೆ ಅರ್ಥವೇ ಉಳಿಯುವುದಿಲ್ಲ. ನೋಡಿದ್ದೇ ಮತ್ತೆ ಸಿಗಬಹುದು, ನೋಡದ್ದು ಸಿಗದೆಯೇ ಹೋಗಬಹುದು.

ಭಾಷೆಗಳ ನಿಲುವು

*ಜಾವಾ.* 1998ರಲ್ಲಿ ಬಂದ ಜಾವಾ 1.2 ಆವೃತ್ತಿಯ ಕಲೆಕ್ಷನ್ಸ್ ಫ್ರೇಮ್‌ವರ್ಕನ್ನು ವಿನ್ಯಾಸ ಮಾಡಿದವರು ಜೋಷುವಾ ಬ್ಲಾಕ್. ತಪ್ಪು ಕಂಡೊಡನೆ ನಿಲ್ಲಬೇಕು ಎಂಬ ನೀತಿಯನ್ನು ಅದರ ಇಟರೇಟರ್‌ಗಳು ಪಾಲಿಸುತ್ತವೆ. ಅರೇಲಿಸ್ಟ್ ತನ್ನೊಳಗೆ ಮಾಡ್‌ಕೌಂಟ್ ಎಂಬ ಎಣಿಕೆಯನ್ನು ಇಟ್ಟುಕೊಂಡು ಪ್ರತಿ ರಚನಾತ್ಮಕ ಮಾರ್ಪಾಡಿಗೂ ಅದನ್ನು ಹೆಚ್ಚಿಸುತ್ತದೆ. ಇಟರೇಟರ್ ಹುಟ್ಟುವಾಗಲೇ ಆ ಎಣಿಕೆಯನ್ನು ಬರೆದುಕೊಳ್ಳುತ್ತದೆ. ಮುಂದಿನ ಅಂಶ ಕೊಡುವ ನೆಕ್ಸ್ಟ್ ಮೆಥಡ್ ಪ್ರತಿಸಲ ಎರಡನ್ನೂ ಹೋಲಿಸಿ, ತಾಳೆಯಾಗದಿದ್ದರೆ ಕನ್ಕರೆಂಟ್‌ಮಾಡಿಫಿಕೇಶನ್‌ಎಕ್ಸೆಪ್ಷನ್ ಎಸೆಯುತ್ತದೆ. ಹಲವು ಥ್ರೆಡ್‌ಗಳಿದ್ದಾಗ ಮಾತ್ರ ಇದು ಬರುತ್ತದೆಂಬ ತಿಳಿವಳಿಕೆ ಸರಿಯಲ್ಲ, ಒಂದೇ ಥ್ರೆಡ್ಡಿನ ಸಾಮಾನ್ಯ ಲೂಪಿನಲ್ಲೂ ಬರುತ್ತದೆ.

ಈ ಕಾವಲಿಗೂ ಒಂದು ಕಿಂಡಿಯಿದೆ. ಇನ್ನೂ ಅಂಶಗಳಿವೆಯೇ ಎಂದು ಕೇಳುವ ಹ್ಯಾಸ್‌ನೆಕ್ಸ್ಟ್ ಮೆಥಡ್ ಎಣಿಕೆಯನ್ನು ನೋಡುವುದಿಲ್ಲ. ತನ್ನ ಸ್ಥಾನ ಲಿಸ್ಟಿನ ಗಾತ್ರಕ್ಕೆ ಸಮವಾಗಿದೆಯೇ ಎಂದಷ್ಟೇ ನೋಡುತ್ತದೆ. ಲಿಸ್ಟಿನಲ್ಲಿ 72, 28, 31 ಇದ್ದು, ಲೂಪಿನೊಳಗೆ 28ನ್ನು ಲಿಸ್ಟಿನಿಂದ ನೇರವಾಗಿ ತೆಗೆದರೆ ಇಟರೇಟರಿನ ಸ್ಥಾನ 2, ಲಿಸ್ಟಿನ ಗಾತ್ರವೂ 2. ಎಲ್ಲ ಮುಗಿಯಿತೆಂದು ಲೂಪ್ ಸುಮ್ಮನೆ ಹೊರಬರುತ್ತದೆ, 31 ಪರೀಕ್ಷೆಯಿಲ್ಲದೆ ಉಳಿಯುತ್ತದೆ. ಲಿಸ್ಟಿನಲ್ಲಿ 72, 64, 28 ಇದ್ದು ಕೊನೆಯ 28ನ್ನು ತೆಗೆದರೆ ಸ್ಥಾನ 3, ಗಾತ್ರ 2. ಎರಡೂ ಸಮವಲ್ಲದ್ದರಿಂದ ಲೂಪ್ ಇನ್ನೊಂದು ಸುತ್ತಿಗೆ ಹೋಗಿ ಎಕ್ಸೆಪ್ಷನ್ ಬರುತ್ತದೆ. ಎಲ್ಲ ಅಂಶಗಳನ್ನೂ ನೋಡಿ ಮುಗಿಸಿದ ಲೂಪ್ ದೋಷ ವರದಿ ಮಾಡುತ್ತದೆ, ಒಂದನ್ನು ಬಿಟ್ಟ ಲೂಪ್ ಮೌನವಾಗಿರುತ್ತದೆ. ಈ ಎಕ್ಸೆಪ್ಷನ್ ಬಂದೇ ತೀರುತ್ತದೆಂಬ ಭರವಸೆ ಇಲ್ಲ, ದೋಷ ಹುಡುಕಲಷ್ಟೇ ಇದನ್ನು ಬಳಸಬೇಕು ಎಂದು ಜಾವಾದ ಅಧಿಕೃತ ದಸ್ತಾವೇಜೇ ಎಚ್ಚರಿಸುತ್ತದೆ.

*ಪೈಥಾನ್.* ಲಿಸ್ಟಿಗೆ ಯಾವ ಕಾವಲೂ ಇಲ್ಲ. ಡಿಕ್ಷನರಿ ಮತ್ತು ಸೆಟ್‌ಗಳು ಮಾತ್ರ ಲೂಪಿನ ನಡುವೆ ಗಾತ್ರ ಬದಲಾದರೆ ಮುಂದಿನ ಹೆಜ್ಜೆಯಲ್ಲಿ ರನ್‌ಟೈಮ್‌ಎರರ್ ಕೊಡುತ್ತವೆ. ಪೈಥಾನ್ 2ರಲ್ಲಿ ಡಿಕ್ಷನರಿಯ ಕೀಸ್ ಮೆಥಡ್ ಕೀಗಳ ಪ್ರತ್ಯೇಕ ಲಿಸ್ಟನ್ನೇ ಕೊಡುತ್ತಿದ್ದುದರಿಂದ ಅದರ ಮೇಲೆ ಲೂಪ್ ಓಡಿಸುತ್ತ ಡಿಕ್ಷನರಿಯಿಂದ ಅಳಿಸಬಹುದಿತ್ತು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಅದೇ ಮೆಥಡ್ ಡಿಕ್ಷನರಿಯತ್ತ ತೋರುವ ಜೀವಂತ ನೋಟವನ್ನು ಕೊಡುತ್ತದೆ. ಹಳೆಯ ಪ್ರೋಗ್ರಾಮ್‌ಗಳನ್ನು ಹೊಸ ಆವೃತ್ತಿಗೆ ತಂದಾಗ ಇಂಥ ಲೂಪ್‌ಗಳು ಒಡೆದವು. ಕೀಗಳನ್ನು ಮೊದಲು ಲಿಸ್ಟಾಗಿ ಪರಿವರ್ತಿಸಿಕೊಂಡರೆ ತೊಂದರೆ ನೀಗುತ್ತದೆ.

*ಸಿ++.* ಯಾವ ಸಂಗ್ರಹದಲ್ಲಿ ಯಾವ ಕ್ರಿಯೆಯಿಂದ ಯಾವ ಇಟರೇಟರ್‌ಗಳು ಅಮಾನ್ಯವಾಗುತ್ತವೆ ಎಂಬುದನ್ನು ಮಾನಕ ವಿವರವಾಗಿ ಹೇಳುತ್ತದೆ. ವೆಕ್ಟರಿನಿಂದ ಒಂದು ಅಂಶ ಅಳಿಸಿದರೆ ಆ ಸ್ಥಾನದಿಂದ ಮುಂದಿನವೆಲ್ಲ ಅಮಾನ್ಯ. ಲಿಸ್ಟ್ ಮತ್ತು ಮ್ಯಾಪ್‌ಗಳಲ್ಲಿ ಅಳಿಸಿದ ಅಂಶದ ಇಟರೇಟರ್ ಮಾತ್ರ ಅಮಾನ್ಯ. ಅಮಾನ್ಯ ಇಟರೇಟರನ್ನು ಬಳಸಿದರೆ ಏನಾಗಬೇಕೆಂಬ ನಿಯಮವಿಲ್ಲ. ಪ್ರೋಗ್ರಾಮ್ ಕುಸಿಯಬಹುದು, ತಪ್ಪು ಉತ್ತರ ಕೊಡಬಹುದು, ಸರಿಯಾಗಿಯೇ ನಡೆದಂತೆಯೂ ಕಾಣಬಹುದು. ಇರೇಸ್ ಮೆಥಡ್ ಅಳಿಸಿದ ಅಂಶದ ಮುಂದಿನದರತ್ತ ತೋರುವ ಹೊಸ ಇಟರೇಟರನ್ನು ಹಿಂದಿರುಗಿಸುತ್ತದೆ, ಲೂಪ್ ಅಲ್ಲಿಂದ ಮುಂದುವರಿಯಬೇಕು. ಮ್ಯಾಪಿಗೆ ಈ ಅನುಕೂಲ ದೊರೆತದ್ದು 2011ರ ಮಾನಕದಲ್ಲಿ.

*ಸಿ ಶಾರ್ಪ್.* ಫೋರ್‌ಈಚ್ ಲೂಪಿನ ನಡುವೆ ಲಿಸ್ಟಿಗೆ ಅಂಶ ಸೇರಿಸಿದರೆ ಅಥವಾ ತೆಗೆದರೆ ಮುಂದಿನ ಸುತ್ತಿನಲ್ಲಿ ಇನ್‌ವ್ಯಾಲಿಡ್‌ಆಪರೇಷನ್‌ಎಕ್ಸೆಪ್ಷನ್ ಬರುತ್ತದೆ. ಡಿಕ್ಷನರಿಯ ವಿಷಯದಲ್ಲಿ ಮಾತ್ರ ಡಾಟ್‌ನೆಟ್ ಕೋರ್ 3.0ರಿಂದ ಈ ಕಟ್ಟು ಸಡಿಲವಾಗಿದ್ದು, ಲೂಪಿನ ನಡುವೆ ಅಂಶಗಳನ್ನು ತೆಗೆಯಲು ಅವಕಾಶವಿದೆ, ಸೇರಿಸಲು ಇಲ್ಲ.

*ಗೋ ಮತ್ತು ಜಾವಾಸ್ಕ್ರಿಪ್ಟ್.* ಇವೆರಡೂ ಭಾಷೆಗಳಲ್ಲಿ ಮ್ಯಾಪ್‌ನಿಂದ ಅಳಿಸುವುದಕ್ಕೆ ಅಡ್ಡಿಯಿಲ್ಲ. ಗೋ ಭಾಷೆಯ ನಿಯಮದಂತೆ, ಇನ್ನೂ ತಲುಪದ ಅಂಶವನ್ನು ಅಳಿಸಿದರೆ ಅದು ಮುಂದೆ ಬರುವುದಿಲ್ಲ. ನಡುವೆ ಸೇರಿಸಿದ ಅಂಶ ಬರಲೂಬಹುದು, ಬಾರದಿರಲೂಬಹುದು. ಜಾವಾಸ್ಕ್ರಿಪ್ಟಿನ ಮ್ಯಾಪ್ ಮತ್ತು ಸೆಟ್‌ಗಳಲ್ಲಿ ನಡುವೆ ಸೇರಿಸಿದ ಅಂಶವೂ ಲೂಪಿಗೆ ಸಿಗುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಹೆಚ್ಚು ಎಡವುವುದು ವೆಬ್ ಪುಟದ ಅಂಶಗಳನ್ನು ಹುಡುಕಿ ಕೊಡುವ ಪಟ್ಟಿಗಳಲ್ಲಿ. ಕ್ಲಾಸಿನ ಹೆಸರು ಹೇಳಿ ಪಡೆದ ಪಟ್ಟಿ ಜೀವಂತವಾದದ್ದು, ಪುಟ ಬದಲಾದಂತೆ ತಾನೂ ಬದಲಾಗುತ್ತದೆ. ಒಂದೇ ಕ್ಲಾಸಿನ ನಾಲ್ಕು ಅಂಶಗಳಿಂದ ಆ ಕ್ಲಾಸನ್ನು ಇಂಡೆಕ್ಸ್ ಲೂಪಿನಲ್ಲಿ ತೆಗೆಯುತ್ತ ಹೋದರೆ ಮೊದಲನೆಯದು ಮತ್ತು ಮೂರನೆಯದರಿಂದ ಮಾತ್ರ ಅದು ಹೋಗುತ್ತದೆ. ಕ್ವೆರಿಸೆಲೆಕ್ಟರ್‌ಆಲ್ ಕೊಡುವ ಪಟ್ಟಿ ಸ್ಥಿರವಾದುದರಿಂದ ಅಲ್ಲಿ ಈ ತೊಂದರೆಯಿಲ್ಲ.

*ರಸ್ಟ್.* 2015ರಲ್ಲಿ 1.0 ಆವೃತ್ತಿ ಕಂಡ ರಸ್ಟ್ ಇಟರೇಟರ್ ಬಳಸುವ ಲೂಪಿನಲ್ಲಿ ಈ ದೋಷವನ್ನು ಕಂಪೈಲರಿನ ಹಂತದಲ್ಲೇ ತಡೆಯುತ್ತದೆ. ಒಂದು ವಸ್ತುವನ್ನು ಯಾರಾದರೂ ಓದಲು ಎರವಲು ಪಡೆದಿರುವಷ್ಟು ಹೊತ್ತು ಬೇರೆ ಯಾರೂ ಅದನ್ನು ಬದಲಿಸಲು ಎರವಲು ಪಡೆಯುವಂತಿಲ್ಲ ಎಂಬುದು ಅದರ ಮೂಲನಿಯಮ. ಲೂಪ್ ನಡೆಯುವಷ್ಟು ಕಾಲವೂ ಇಟರೇಟರ್ ಸಂಗ್ರಹವನ್ನು ಎರವಲು ಇಟ್ಟುಕೊಂಡಿರುತ್ತದೆ. ಒಡಲಿನಲ್ಲಿ ಅಳಿಸುವ ಸಾಲು ಕಂಡರೆ ಕಂಪೈಲರ್ ಅಲ್ಲೇ ತಿರಸ್ಕರಿಸುತ್ತದೆ.

ಸುರಕ್ಷಿತ ವಿಧಾನಗಳು

*ಹೊಸ ಸಂಗ್ರಹ ಕಟ್ಟುವುದು.* ಉಳಿಯಬೇಕಾದವನ್ನು ಮಾತ್ರ ಆಯ್ದು ಬೇರೊಂದು ಸಂಗ್ರಹಕ್ಕೆ ಹಾಕಿ, ಕೊನೆಗೆ ಅದನ್ನೇ ಹಳೆಯದರ ಜಾಗದಲ್ಲಿ ಬಳಸುವುದು. ಪೈಥಾನಿನ ಲಿಸ್ಟ್ ಕಾಂಪ್ರಿಹೆನ್ಷನ್, ಜಾವಾಸ್ಕ್ರಿಪ್ಟಿನ ಫಿಲ್ಟರ್, ಜಾವಾದ ಸ್ಟ್ರೀಮ್‌ಗಳು ಈ ದಾರಿಯವು. ಮೂಲ ಸಂಗ್ರಹ ಬದಲಾಗುವುದೇ ಇಲ್ಲವಾದ್ದರಿಂದ ಇದು ಎಲ್ಲಕ್ಕಿಂತ ಸರಳ. ಒಂದು ಎಚ್ಚರ ಬೇಕು. ಹಳೆಯ ಲಿಸ್ಟನ್ನು ಬೇರೆ ವೇರಿಯಬಲ್‌ಗಳೂ ಹಿಡಿದುಕೊಂಡಿದ್ದರೆ ಅವುಗಳಿಗೆ ಹೊಸತು ಕಾಣುವುದಿಲ್ಲ. ಪೈಥಾನಿನಲ್ಲಿ ಇಡೀ ಲಿಸ್ಟಿನ ಸ್ಲೈಸಿಗೆ ಹೊಸ ಅಂಶಗಳನ್ನು ಹಾಕಿದರೆ ವಸ್ತು ಅದೇ ಉಳಿದು ಒಳಗಿನ ಅಂಶಗಳು ಮಾತ್ರ ಬದಲಾಗುತ್ತವೆ.

*ಪ್ರತಿಯ ಮೇಲೆ ಲೂಪ್.* ಸಂಗ್ರಹದ ಒಂದು ಪ್ರತಿ ಮಾಡಿಕೊಂಡು ಲೂಪನ್ನು ಅದರ ಮೇಲೆ ಓಡಿಸುವುದು, ಅಳಿಸುವುದನ್ನು ಮೂಲದಿಂದ ಮಾಡುವುದು. ಅಂಶಗಳು ಕಡಿಮೆಯಿರುವಾಗ ಇದು ಸಲೀಸು. ಪೈಥಾನಿನ ಅಧಿಕೃತ ಪಾಠಮಾಲೆ ಈ ವಿಧಾನವನ್ನೂ ಹಿಂದಿನದನ್ನೂ ಶಿಫಾರಸು ಮಾಡುತ್ತದೆ.

*ಗುರುತುಮಾಡಿ ನಂತರ ತೆಗೆಯುವುದು.* ಮೊದಲ ಲೂಪಿನಲ್ಲಿ ತೆಗೆಯಬೇಕಾದವುಗಳ ಪಟ್ಟಿ ಮಾತ್ರ ಮಾಡಿ, ಅದು ಮುಗಿದ ಮೇಲೆ ಎರಡನೆಯ ಲೂಪಿನಲ್ಲಿ ತೆಗೆಯುವುದು. ಒಂದು ಅಂಶ ಉಳಿಯಬೇಕೇ ಎಂಬ ತೀರ್ಮಾನ ಸಂಗ್ರಹದ ಇತರ ಅಂಶಗಳನ್ನೂ ಅವಲಂಬಿಸಿದ್ದರೆ ಈ ವಿಧಾನವೇ ಸೂಕ್ತ. ಉದಾಹರಣೆಗೆ, ತರಗತಿಯ ಸರಾಸರಿಗಿಂತ ಕಡಿಮೆ ಅಂಕಗಳನ್ನು ತೆಗೆಯುವಾಗ ನಡುನಡುವೆ ಅಳಿಸುತ್ತ ಸರಾಸರಿಯನ್ನೂ ಲೆಕ್ಕ ಹಾಕುತ್ತ ಹೋದರೆ ಅಳತೆಗೋಲೇ ಬದಲಾಗುತ್ತಿರುತ್ತದೆ.

*ಇಟರೇಟರಿನ ಮೂಲಕವೇ ತೆಗೆಯುವುದು.* ಜಾವಾದ ಇಟರೇಟರಿಗೆ ರಿಮೂವ್ ಎಂಬ ಮೆಥಡ್ ಇದೆ. ಅದು ಕೊನೆಯದಾಗಿ ಕೊಟ್ಟ ಅಂಶವನ್ನು ಸಂಗ್ರಹದಿಂದ ತೆಗೆದು, ತನ್ನ ಗುರುತನ್ನೂ ಎಣಿಕೆಯನ್ನೂ ಸರಿಪಡಿಸಿಕೊಳ್ಳುತ್ತದೆ. ಬದಲಾವಣೆ ಮಾಡುವವನೂ ಗುರುತು ಇಟ್ಟುಕೊಂಡವನೂ ಒಬ್ಬನೇ ಆದ್ದರಿಂದ ತಾಳೆ ತಪ್ಪುವುದಿಲ್ಲ. ಲಿಸ್ಟ್‌ಇಟರೇಟರಿನಿಂದ ಸೇರಿಸಲೂ ಬರುತ್ತದೆ.

*ಹಿಂದಿನಿಂದ ಮುಂದಕ್ಕೆ ಬರುವುದು.* ಇಂಡೆಕ್ಸ್ ಲೂಪನ್ನು ಕೊನೆಯಿಂದ ಸೊನ್ನೆಯತ್ತ ಓಡಿಸಿದರೆ, ಅಳಿಸಿದಾಗ ಜರುಗುವವು ಆಗಲೇ ನೋಡಿ ಮುಗಿಸಿದ ಅಂಶಗಳು ಮಾತ್ರ. ಅಂಕಪಟ್ಟಿಯ ಉದಾಹರಣೆಯಲ್ಲಿ 19, 31, 28 ಈ ಕ್ರಮದಲ್ಲಿ ಅಳಿದು 72 ಮತ್ತು 64 ಸರಿಯಾಗಿ ಉಳಿಯುತ್ತವೆ. ಎಕ್ಸೆಲ್ ಮ್ಯಾಕ್ರೋದಲ್ಲಿ ಖಾಲಿ ಸಾಲುಗಳನ್ನು ಅಳಿಸುವವರು ಕೆಳಗಿನ ಸಾಲಿನಿಂದ ಮೇಲಕ್ಕೆ ಬರುವುದು ಇದೇ ಕಾರಣಕ್ಕೆ.

*ಸಿದ್ಧ ಮೆಥಡ್‌ಗಳು.* ತೆಗೆಯಬೇಕಾದ ಷರತ್ತನ್ನಷ್ಟೇ ಕೊಟ್ಟು ಉಳಿದ ಕೆಲಸವನ್ನು ಲೈಬ್ರರಿಗೆ ಬಿಡುವುದು. ಜಾವಾ 8ರ ರಿಮೂವ್‌ಇಫ್, ಸಿ ಶಾರ್ಪ್‌ನ ರಿಮೂವ್‌ಆಲ್, ರೂಬಿಯ ಡಿಲೀಟ್‌ಇಫ್, ಸಿ++ 2020ರ ಇರೇಸ್‌ಇಫ್, ಗೋ 1.21ರ ಡಿಲೀಟ್‌ಫಂಕ್ ಈ ಬಗೆಯವು. ರಸ್ಟ್‌ನ ರಿಟೇನ್ ಮಾತ್ರ ಉಲ್ಟಾ: ಅದಕ್ಕೆ ಕೊಡಬೇಕಾದ್ದು ಉಳಿಯಬೇಕಾದವುಗಳ ಷರತ್ತು.

*ಕೆಲಸದ ಸರದಿ.* ನಡೆಯುತ್ತಿರುವಾಗಲೇ ಬೆಳೆಯಬೇಕಾದ ಸಂಗ್ರಹಗಳೂ ಇವೆ. ಒಂದು ವೆಬ್ ಪುಟದಿಂದ ಕೊಂಡಿ ಹಿಡಿದು ಇನ್ನಷ್ಟು ಪುಟಗಳನ್ನು ಹುಡುಕುವ ಪ್ರೋಗ್ರಾಮ್, ಗ್ರಾಫಿನಲ್ಲಿ ಹಂತಹಂತವಾಗಿ ನೆರೆಯ ನೋಡ್‌ಗಳಿಗೆ ಹೋಗುವ ಶೋಧ ಇಂಥವು. ಇಲ್ಲಿ ಫಾರ್ ಲೂಪಿನ ಬದಲು, ಸರದಿ ಖಾಲಿಯಾಗುವವರೆಗೆ ಮೊದಲಿನದನ್ನು ತೆಗೆದುಕೊಂಡು ಹೊಸದನ್ನು ಕೊನೆಗೆ ಸೇರಿಸುವ ವೈಲ್ ಲೂಪ್ ಬಳಸುತ್ತಾರೆ. ಇಟರೇಟರೇ ಇಲ್ಲದ್ದರಿಂದ ಗುರುತು ತಪ್ಪುವ ಪ್ರಶ್ನೆ ಬರುವುದಿಲ್ಲ. ಒಮ್ಮೆ ನೋಡಿದ್ದನ್ನು ಮತ್ತೆ ಸೇರಿಸದಂತೆ ಒಂದು ಸೆಟ್‌ನಲ್ಲಿ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಸರದಿ ಎಂದೂ ಖಾಲಿಯಾಗದೆ ಹೋಗಬಹುದು.

ವೇಗ ಮತ್ತು ಮೆಮೊರಿ

ಸರಿಯಾದ ವಿಧಾನಗಳ ನಡುವೆಯೂ ಖರ್ಚಿನ ವ್ಯತ್ಯಾಸ ದೊಡ್ಡದು. ಅರೇಯ ನಡುವಿನಿಂದ ಒಂದು ಅಂಶ ತೆಗೆದರೆ ಬಲಗಡೆಯವೆಲ್ಲ ಜರುಗಬೇಕು. ಒಂದು ಲಕ್ಷ ಅಂಶಗಳ ಅರೇಲಿಸ್ಟಿನಲ್ಲಿ ಎಲ್ಲವನ್ನೂ ಇಟರೇಟರಿನ ಮೂಲಕ ಮೊದಲಿನಿಂದ ಒಂದೊಂದಾಗಿ ತೆಗೆದರೆ ಒಟ್ಟು ಜರುಗಾಟ ಸುಮಾರು 500 ಕೋಟಿ. ಹೊಸ ಸಂಗ್ರಹ ಕಟ್ಟುವ ವಿಧಾನದಲ್ಲಾದರೆ ಪ್ರತಿ ಅಂಶವನ್ನೂ ಹೆಚ್ಚೆಂದರೆ ಒಮ್ಮೆ ನಕಲಿಸಿದರೆ ಸಾಕು, ಕೆಲಸ ಒಂದು ಲಕ್ಷದ ಆಸುಪಾಸಿನಲ್ಲೇ ಮುಗಿಯುತ್ತದೆ.

ಹೊಸ ಸಂಗ್ರಹಕ್ಕೆ ಮೆಮೊರಿ ಇಲ್ಲದಿದ್ದರೆ ಇದ್ದ ಜಾಗದಲ್ಲೇ ಒತ್ತಾಗಿ ಜೋಡಿಸುವ ಉಪಾಯವಿದೆ. ಓದುವುದಕ್ಕೊಂದು, ಬರೆಯುವುದಕ್ಕೊಂದು ಹೀಗೆ ಎರಡು ಇಂಡೆಕ್ಸ್‌ಗಳನ್ನು ಇಟ್ಟುಕೊಳ್ಳಬೇಕು. ಓದುವ ಇಂಡೆಕ್ಸ್ ಎಲ್ಲ ಅಂಶಗಳ ಮೇಲೂ ಹಾಯುತ್ತದೆ. ಉಳಿಯಬೇಕಾದದ್ದು ಸಿಕ್ಕಾಗ ಮಾತ್ರ ಅದನ್ನು ಬರೆಯುವ ಸ್ಥಾನಕ್ಕೆ ನಕಲಿಸಿ, ಬರೆಯುವ ಇಂಡೆಕ್ಸನ್ನು ಒಂದು ಹೆಚ್ಚಿಸಲಾಗುತ್ತದೆ. ಅಂಕಪಟ್ಟಿಯಲ್ಲಿ 72 ಸ್ಥಾನ 0ರಲ್ಲೇ ಉಳಿಯುತ್ತದೆ, 28 ಮತ್ತು 31ನ್ನು ದಾಟಿ 64 ಸ್ಥಾನ 1ಕ್ಕೆ ಬರುತ್ತದೆ, 19 ಬಿಟ್ಟುಹೋಗುತ್ತದೆ. ಕೊನೆಗೆ ಲಿಸ್ಟಿನ ಗಾತ್ರವನ್ನು 2ಕ್ಕೆ ಇಳಿಸಿದರೆ ಕೆಲಸ ಮುಗಿಯಿತು. ಸಿ++ನಲ್ಲಿ ಹಿಂದಿನಿಂದ ಬಳಕೆಯಲ್ಲಿರುವ ರಿಮೂವ್ ಮತ್ತು ಇರೇಸ್ ಜೋಡಿ ಮಾಡುವುದೂ ಇದನ್ನೇ. ಅಲ್ಲಿ ರಿಮೂವ್ ಉಳಿಯುವವನ್ನು ಮುಂದಕ್ಕೆ ಒತ್ತರಿಸುತ್ತದೆಯೇ ಹೊರತು ಗಾತ್ರ ಕಡಿಮೆ ಮಾಡುವುದಿಲ್ಲ. ಇರೇಸ್ ಕರೆಯನ್ನು ಮರೆತರೆ ಕೊನೆಯಲ್ಲಿ ಬೇಡದ ಅಂಶಗಳು ಹಾಗೇ ಉಳಿದುಬಿಡುತ್ತವೆ.

ಪರೋಕ್ಷ ಮಾರ್ಪಾಡು

ಲೂಪಿನ ಒಡಲಲ್ಲಿ ಅಳಿಸುವ ಸಾಲು ಕಣ್ಣಿಗೆ ಕಾಣುವಂತಿದ್ದರೆ ತಪ್ಪು ಹಿಡಿಯುವುದು ಸುಲಭ. ದೊಡ್ಡ ತಂತ್ರಾಂಶಗಳಲ್ಲಿ ಅದು ಹಲವು ಫಂಕ್ಷನ್‌ಗಳ ಆಚೆ ಅಡಗಿರುತ್ತದೆ. ಒಂದು ಘಟನೆ ನಡೆದಾಗ ನೋಂದಾಯಿಸಿಕೊಂಡ ಕೇಳುಗ ವಸ್ತುಗಳಿಗೆಲ್ಲ ಸುದ್ದಿ ಮುಟ್ಟಿಸುವ ಲೂಪ್ ಇದಕ್ಕೆ ಹೆಸರಾದ ನಿದರ್ಶನ. ಸುದ್ದಿ ಬಂದೊಡನೆ ಒಬ್ಬ ಕೇಳುಗ ತನ್ನ ಕೆಲಸ ಮುಗಿಯಿತೆಂದು ಪಟ್ಟಿಯಿಂದ ತನ್ನ ಹೆಸರು ತೆಗೆಸಿಕೊಂಡರೆ, ಸುದ್ದಿ ಹಂಚುತ್ತಿರುವ ಲೂಪಿನ ಕೆಳಗಿನ ನೆಲವೇ ಜಾರುತ್ತದೆ. ಲೂಪ್ ಬರೆದವರಿಗೂ ಕೇಳುಗನನ್ನು ಬರೆದವರಿಗೂ ಪರಸ್ಪರ ಪರಿಚಯವೇ ಇಲ್ಲದಿರಬಹುದು. ಇಲ್ಲಿ ಪಟ್ಟಿಯ ಪ್ರತಿಯ ಮೇಲೆ ಲೂಪ್ ಓಡಿಸುವುದು ವಾಡಿಕೆ. ಅದರಿಂದ ಇನ್ನೊಂದು ಪ್ರಶ್ನೆ ಏಳುತ್ತದೆ. ಸುದ್ದಿ ಹಂಚುವ ನಡುವೆ ಒಬ್ಬ ಕೇಳುಗ ಮತ್ತೊಬ್ಬನನ್ನು ಪಟ್ಟಿಯಿಂದ ತೆಗೆಸಿದರೆ, ಪ್ರತಿಯಲ್ಲಿ ಆತನ ಹೆಸರು ಇನ್ನೂ ಇರುವುದರಿಂದ ಆತನಿಗೂ ಸುದ್ದಿ ಹೋಗುತ್ತದೆ. ಅದು ಸರಿಯೋ ತಪ್ಪೋ ಎಂಬುದನ್ನು ವಿನ್ಯಾಸಕಾರರೇ ತೀರ್ಮಾನಿಸಿ ದಾಖಲಿಸಬೇಕು.

ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್ ಮತ್ತು ಜಾನ್ ವ್ಲಿಸಿಡಿಸ್ 1994ರಲ್ಲಿ ಪ್ರಕಟಿಸಿದ ವಿನ್ಯಾಸ ಮಾದರಿಗಳ ಪುಸ್ತಕ, ಇಂಥ ಮಾರ್ಪಾಡನ್ನು ಪ್ರತಿ ಮಾಡದೆಯೇ ತಾಳಿಕೊಳ್ಳುವ ದೃಢ ಇಟರೇಟರ್‌ಗಳನ್ನು ಚರ್ಚಿಸುತ್ತದೆ. ಚಾಲ್ತಿಯಲ್ಲಿರುವ ಇಟರೇಟರ್‌ಗಳನ್ನೆಲ್ಲ ಸಂಗ್ರಹ ತನ್ನಲ್ಲಿ ನೋಂದಾಯಿಸಿಕೊಂಡು, ಏನಾದರೂ ಬದಲಾದಾಗ ಅವುಗಳ ಗುರುತನ್ನು ತಾನೇ ಸರಿಪಡಿಸುವುದು ಅದರ ಒಂದು ಮಾರ್ಗ.

ಹಲವು ಥ್ರೆಡ್‌ಗಳು

ಒಂದು ಥ್ರೆಡ್ ಓದುತ್ತಿರುವಾಗ ಇನ್ನೊಂದು ಥ್ರೆಡ್ ಬರೆದರೆ ಮೇಲಿನ ವಿಧಾನಗಳು ಮಾತ್ರ ಸಾಲವು. ಪ್ರತಿ ಮಾಡುವ ಕೆಲಸವೇ ಅರ್ಧದಲ್ಲಿ ಕೆಡಬಹುದು. ಮೊದಲ ಉಪಾಯ ಬೀಗ. ಜಾವಾದ ಸಿಂಕ್ರನೈಸ್ಡ್ ಲಿಸ್ಟಿನಲ್ಲಿ ಒಂದೊಂದು ಮೆಥಡ್ ಕರೆಗೂ ಬೀಗ ತಾನಾಗಿ ಬೀಳುತ್ತದೆ, ಆದರೆ ಇಟರೇಟರ್ ಹಿಡಿದು ಸಾಗುವ ಲೂಪಿಗೆ ಇಲ್ಲ. ಲೂಪ್ ಮುಗಿಯುವವರೆಗೆ ಬೀಗ ಹಿಡಿದಿಡುವುದು ಬಳಸುವವರ ಹೊಣೆ.

ಡಗ್ ಲೀ ನೇತೃತ್ವದ ಕೆಲಸದ ಫಲವಾಗಿ 2004ರ ಜಾವಾ 5ರಲ್ಲಿ ಬಂದ ಸಂಗ್ರಹಗಳು ಬೇರೆ ದಾರಿ ಹಿಡಿದವು. ಕಾಪಿಆನ್‌ರೈಟ್‌ಅರೇಲಿಸ್ಟ್ ಪ್ರತಿ ಬದಲಾವಣೆಗೂ ಒಳಗಿನ ಅರೇಯ ಹೊಸ ಪ್ರತಿ ಮಾಡುತ್ತದೆ. ಹಳೆಯ ಇಟರೇಟರ್ ಹಳೆಯ ಅರೇಯನ್ನೇ ನೋಡುತ್ತ ನಿಶ್ಚಿಂತೆಯಿಂದ ಮುಗಿಸುತ್ತದೆ. ಓದು ಹೆಚ್ಚು, ಬರಹ ಅಪರೂಪ ಎನ್ನುವಲ್ಲಿ, ಕೇಳುಗರ ಪಟ್ಟಿಯಂಥದ್ದಕ್ಕೆ, ಇದು ಹೇಳಿಮಾಡಿಸಿದಂತಿದೆ. ಪದೇಪದೇ ಬದಲಾಗುವ ದೊಡ್ಡ ಲಿಸ್ಟಿಗೆ ದುಬಾರಿ. ಕನ್ಕರೆಂಟ್‌ಹ್ಯಾಶ್‌ಮ್ಯಾಪಿನ ಇಟರೇಟರ್ ಎಂದೂ ಕನ್ಕರೆಂಟ್‌ಮಾಡಿಫಿಕೇಶನ್‌ಎಕ್ಸೆಪ್ಷನ್ ಎಸೆಯುವುದಿಲ್ಲ, ತಾನು ಹುಟ್ಟಿದ ನಂತರದ ಬದಲಾವಣೆಗಳು ಕಂಡೇ ಕಾಣುತ್ತವೆಂಬ ಮಾತನ್ನೂ ಕೊಡುವುದಿಲ್ಲ. ಗೋ ಭಾಷೆಯ ಸಾಮಾನ್ಯ ಮ್ಯಾಪನ್ನು ಒಂದು ಗೋರೂಟೀನ್ ಓದುವಾಗ ಇನ್ನೊಂದು ಬರೆಯುವುದು ನಿಷಿದ್ಧ. ರನ್‌ಟೈಮ್ ಅದನ್ನು ಪತ್ತೆ ಮಾಡಿದರೆ ಇಡೀ ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತದೆ.

ದತ್ತಸಂಚಯಗಳಲ್ಲಿ

ಡೇಟಾಬೇಸ್ ಜಗತ್ತಿನಲ್ಲಿ ಇದೇ ಸಮಸ್ಯೆಗೆ ಹ್ಯಾಲೋವೀನ್ ಸಮಸ್ಯೆ ಎಂಬ ಹೆಸರಿದೆ. 1970ರ ದಶಕದ ಮಧ್ಯದಲ್ಲಿ, ಹ್ಯಾಲೋವೀನ್ ಹಬ್ಬದ ಹೊತ್ತಿಗೆ, ಐಬಿಎಂನ ಸಂಶೋಧಕರಾದ ಡಾನ್ ಚೇಂಬರ್ಲಿನ್, ಪ್ಯಾಟ್ ಸೆಲಿಂಜರ್ ಮತ್ತು ಮಾರ್ಟನ್ ಆಸ್ಟ್ರಹಾನ್ ಅದನ್ನು ಗುರುತಿಸಿದ್ದರಿಂದ ಬಂದ ಹೆಸರು ಅದು. 25,000 ಡಾಲರ್‌ಗಿಂತ ಕಡಿಮೆ ಸಂಬಳದವರಿಗೆಲ್ಲ ಶೇಕಡ 10ರಷ್ಟು ಹೆಚ್ಚಳ ಕೊಡಬೇಕೆಂಬ ಆದೇಶ ಓಡಿಸಿದಾಗ, ಕೊನೆಗೆ ಯಾರ ಸಂಬಳವೂ 25,000ಕ್ಕಿಂತ ಕಡಿಮೆ ಉಳಿದಿರಲಿಲ್ಲ. ಸಂಬಳದ ಇಂಡೆಕ್ಸಿನ ಮೇಲೆ ಏರಿಕೆಯ ಕ್ರಮದಲ್ಲಿ ಸಾಗುತ್ತ ಹೆಚ್ಚಳ ಕೊಟ್ಟಾಗ, ಹೊಸ ಸಂಬಳದ ಕಾರಣ ಅದೇ ನೌಕರನ ದಾಖಲೆ ಇಂಡೆಕ್ಸಿನಲ್ಲಿ ಮುಂದಕ್ಕೆ ಹೋಗಿ ಮತ್ತೆ ಎದುರಾಗುತ್ತದೆ. 20,000 ಪಡೆಯುವವನಿಗೆ 22,000, ಮತ್ತೆ 24,200, ಮತ್ತೆ 26,620 ಎಂದು ಮೂರು ಸಲ ಹೆಚ್ಚಳ ಸಿಗುತ್ತದೆ. ಈಗಿನ ಡೇಟಾಬೇಸ್‌ಗಳು ಅಗತ್ಯವಿದ್ದಾಗ ಬದಲಿಸಬೇಕಾದ ದಾಖಲೆಗಳನ್ನೆಲ್ಲ ಮೊದಲು ಓದಿ ತಾತ್ಕಾಲಿಕ ಜಾಗದಲ್ಲಿ ಕೂಡಿಟ್ಟು, ಆಮೇಲೆ ಬರೆಯುತ್ತವೆ. ಗುರುತುಮಾಡಿ ನಂತರ ತೆಗೆಯುವ ವಿಧಾನದ ದೊಡ್ಡ ರೂಪ ಇದು.

ಪುಟವಾರು ಓದುವ ಪ್ರೋಗ್ರಾಮ್‌ಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಒಂದು ಸಲಕ್ಕೆ 50ರಂತೆ ದಾಖಲೆಗಳನ್ನು ತಂದು ಅಳಿಸುವ ಪ್ರೋಗ್ರಾಮ್, ಮೊದಲ ಪುಟದ 50ನ್ನು ಅಳಿಸಿ 'ಮೊದಲ 50 ಬಿಟ್ಟು ಮುಂದಿನ 50 ಕೊಡು' ಎಂದು ಕೇಳಿದರೆ, ಈಗ ಮೊದಲಿಗೆ ಬಂದು ಕೂತಿರುವ ಇನ್ನೊಂದು 50 ದಾಖಲೆಗಳು ತಪ್ಪಿಹೋಗುತ್ತವೆ. ಪ್ರತಿ ಸಲವೂ ಮೊದಲ ಪುಟವನ್ನೇ ಕೇಳುವುದು ಅಥವಾ ಕೊನೆಯದಾಗಿ ನೋಡಿದ ದಾಖಲೆಯ ಕ್ರಮಸಂಖ್ಯೆಗಿಂತ ಮುಂದಿನವನ್ನು ಕೇಳುವುದು ಇದಕ್ಕೆ ಪರಿಹಾರ. ಫೈಲ್ ಫೋಲ್ಡರ್‌ಗಳ ವಿಷಯವೂ ಹೀಗೆಯೇ. ಫೋಲ್ಡರನ್ನು ಓದಲು ತೆರೆದ ನಂತರ ಸೇರಿದ ಅಥವಾ ಅಳಿದ ಫೈಲು ಓದಿಗೆ ಸಿಗುತ್ತದೆಯೇ ಎಂಬುದನ್ನು ಪೋಸಿಕ್ಸ್ ಮಾನಕ ನಿರ್ದಿಷ್ಟಪಡಿಸಿಲ್ಲ.

ಪತ್ತೆ ಮತ್ತು ಪರೀಕ್ಷೆ

ಸಿ++ನಲ್ಲಿ ಅಡ್ರೆಸ್‌ಸ್ಯಾನಿಟೈಸರ್ ಎಂಬ ಉಪಕರಣ ಬಿಡುಗಡೆಯಾದ ಮೆಮೊರಿಯ ಬಳಕೆಯನ್ನು ಪ್ರೋಗ್ರಾಮ್ ಓಡುವಾಗಲೇ ಹಿಡಿಯುತ್ತದೆ. ಪ್ರಮುಖ ಕಂಪೈಲರ್‌ಗಳ ಲೈಬ್ರರಿಗಳಲ್ಲಿ ಅಮಾನ್ಯ ಇಟರೇಟರ್‌ಗಳನ್ನು ಪತ್ತೆ ಮಾಡುವ ಡೀಬಗ್ ವಿಧವೂ ಉಂಟು. ಪ್ರೋಗ್ರಾಮ್ ಓಡುವಾಗ ಯಾವ ಸುಳಿವೂ ಸಿಗದ ಪೈಥಾನ್ ಲಿಸ್ಟಿನಂಥ ಕಡೆ ಪರೀಕ್ಷಾ ದತ್ತಾಂಶವನ್ನು ಯೋಚಿಸಿ ಆರಿಸಬೇಕು. ತೆಗೆಯಬೇಕಾದ ಎರಡು ಅಂಶಗಳು ಅಕ್ಕಪಕ್ಕ ಇರುವ ಲಿಸ್ಟ್, ಕೊನೆಯಿಂದ ಎರಡನೆಯದು ಮಾತ್ರ ಹೋಗಬೇಕಾದ ಲಿಸ್ಟ್, ಎಲ್ಲವೂ ಹೋಗಬೇಕಾದ ಲಿಸ್ಟ್, ಯಾವುದೂ ಹೋಗಬಾರದ ಲಿಸ್ಟ್, ಖಾಲಿ ಲಿಸ್ಟ್: ಈ ಐದನ್ನೂ ದಾಟಿದ ಲೂಪಿನಲ್ಲಿ ಮೇಲೆ ವಿವರಿಸಿದ ಅಂಶ ತಪ್ಪುವ ದೋಷ ಅಡಗಿ ಕೂರುವುದು ಕಷ್ಟ.